ಯಶ್ಮಿತಾಳ ವೀಸಾದ ಎರಡು ತಾರೀಕು

ಮಸ್ಕತ್‌ನ ಹಮ್ರಿಯಾದಲ್ಲಿ ಹತ್ತು ರಿಯಾಲ್ ಹಿಡಿದು ಅಂಗಡಿಗೆ ಹೋದರೆ ಏನೇನು ಬರುತ್ತದೆ ನೋಡಿ. ಐದು ಕಿಲೋ ಕುಚ್ಚಲಕ್ಕಿ, ಎರಡೂವರೆ ರಿಯಾಲ್. ಒಂದು ಕಿಲೋ ಬಂಗುಡೆ, ಒಂದು ರಿಯಾಲ್. ಗ್ಯಾಸ್ ಸಿಲಿಂಡರ್, ಮೂರು. ಎರಡು ತೆಂಗಿನಕಾಯಿ, ಒಂದು ಕಟ್ಟು ಬಸಳೆ, ಈರುಳ್ಳಿ, ಟೊಮೆಟೊ ಸೇರಿ ಒಂದೂವರೆ. ಉಳಿದ ಎರಡರಲ್ಲಿ ಫೋನ್ ರೀಚಾರ್ಜ್. ಗಂಡ ಹೆಂಡತಿ ಇಬ್ಬರೇ ಇದ್ದರೆ ಸುಮಾರು ಒಂದು ವಾರ ದೂಡಬಹುದು.

ಯಶ್ಮಿತಾಳಿಗೆ ದಿನಕ್ಕೆ ಹತ್ತು ರಿಯಾಲ್ ಖರ್ಚಾಗುತ್ತಿತ್ತು. ಏನೂ ಕೊಳ್ಳದೆ, ಮನೆಯಿಂದ ಹೊರಗೆ ಕಾಲಿಡದೆ, ಮಧ್ಯಾಹ್ನ ಮಲಗಿದ್ದಾಗಲೂ. ನಲವತ್ತಮೂರು ದಿನ ಹೀಗೆ ಹೋಯಿತು. ಅದು ಅವಳಿಗೂ ಗೊತ್ತಿರಲಿಲ್ಲ, ಗಂಡ ಹರ್ಷಿತನಿಗೂ ಗೊತ್ತಿರಲಿಲ್ಲ.

ಹರ್ಷಿತ್ ಮೂಡುಬಿದಿರೆ ಕಡೆಯವನು. ಅಲ್ ಖುವೈರ್‌ನ ಒಂದು ಕಂಪನಿಯಲ್ಲಿ ಎ.ಸಿ. ರಿಪೇರಿ ಕೆಲಸ. ಸಂಬಳ ಇನ್ನೂರ ಎಂಬತ್ತು ರಿಯಾಲ್. ಮದುವೆಯಾಗಿ ಎರಡು ವರ್ಷವಾದರೂ ಹೆಂಡತಿ ಊರಲ್ಲೇ ಇದ್ದಳು. ಫ್ಯಾಮಿಲಿ ವೀಸಾ ಬೇಕಾದರೆ ಮುನ್ನೂರೈವತ್ತು ರಿಯಾಲ್ ಸಂಬಳ ಇರಬೇಕು ಎಂದು ಜೊತೆಯ ರೂಮಿನವರು ಹೇಳಿದ್ದರು. ಅವರಿಗೆ, ಅವರಿಗಿಂತ ಮೊದಲು ಆ ರೂಮಿನಲ್ಲಿ ಇದ್ದವರು ಹೇಳಿದ್ದರು. ಯಾರೂ ಹೋಗಿ ಕೇಳಿರಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಹರ್ಷಿತ್ ರಜೆಗೆ ಊರಿಗೆ ಹೋದ. ಯಶ್ಮಿತಾ ಬಸುರಿಯಾದಳು. "ನಾಲ್ಕು ದಿನ ನಿಮ್ಮೊಟ್ಟಿಗೆ ಇರ್ತೇನೆ" ಎಂದಳು. ಟ್ರಾವೆಲ್ಸ್‌ನವರ ಕೈಯಲ್ಲಿ ವಿಸಿಟ್ ವೀಸಾ ಮಾಡಿಸಿ ಹಮ್ರಿಯಾದಲ್ಲಿ ಒಂದು ಕೋಣೆಯ ಫ್ಲ್ಯಾಟ್ ಬಾಡಿಗೆಗೆ ಹಿಡಿದು ಡಿಸೆಂಬರ್ ನಡುವೆ ಕರೆದುಕೊಂಡು ಬಂದ. ವೀಸಾದ ಕಾಗದದಲ್ಲಿ ಮಾರ್ಚ್ ತಿಂಗಳ ತಾರೀಕು ಒಂದು ಕಣ್ಣಿಗೆ ಬಿತ್ತು. ಸರಿ, ಮಾರ್ಚ್‌ವರೆಗೆ ತೊಂದರೆ ಇಲ್ಲ ಎಂದುಕೊಂಡ. ಕಾಗದ ಮಡಚಿ ಮದುವೆ ಆಲ್ಬಮ್ಮಿನ ಒಳಗಿಟ್ಟ.

ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಸ್ಕ್ಯಾನ್ ಮಾಡಿಸಲು ಇಬ್ಬರೂ ರುವಿಯ ಒಂದು ಕ್ಲಿನಿಕ್‌ಗೆ ಹೋದರು. ಕೌಂಟರಿನಲ್ಲಿ ಇದ್ದವಳು ಮೆರಿಲ್, ನಮ್ಮ ಶಿರ್ವ ಕಡೆಯ ಹುಡುಗಿ. ಪಾಸ್‌ಪೋರ್ಟು, ವೀಸಾ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಅಕ್ಕಾ, ಇದು ಎಕ್ಸ್‌ಟೆನ್ಶನ್ ಮಾಡಿಸಿದ್ದೀರಾ?"

"ಎಂಥ ಎಕ್ಸ್‌ಟೆನ್ಶನ್? ಮಾರ್ಚ್‌ವರೆಗೆ ಉಂಟಲ್ಲ" ಎಂದ ಹರ್ಷಿತ್.

"ಅಣ್ಣಾ, ಮಾರ್ಚ್ ಅಂತ ಇರುವುದು ಒಮಾನಿಗೆ ಬರ್ಲಿಕ್ಕೆ ಕೊಟ್ಟ ಟೈಮು. ಆ ತಾರೀಕಿನ ಒಳಗೆ ಯಾವಾಗ ಬೇಕಾದ್ರೂ ಬರಬಹುದು. ಆದ್ರೆ ಬಂದ ದಿನದಿಂದ ಇರ್ಲಿಕ್ಕೆ ಕೊಟ್ಟದ್ದು ಮೂವತ್ತೇ ದಿನ. ಇಲ್ಲಿ ಕೆಳಗೆ ನೋಡಿ, ಸಣ್ಣ ಅಕ್ಷರದಲ್ಲಿ. ಜನವರಿ ಹನ್ನೆರಡಕ್ಕೇ ಮುಗಿದಿದೆ. ಅಲ್ಲಿಂದ ದಿನಕ್ಕೆ ಹತ್ತು ರಿಯಾಲ್ ದಂಡ."

ಯಶ್ಮಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತುಬಿಟ್ಟಳು. "ಹಾಗಾದ್ರೆ ನಾನೀಗ ಖಲ್ಲಿವಲ್ಲಿಯಾ?" ಎಂದಳು.

ಕಾಗದ ಇಲ್ಲದೆ ಇರುವವರನ್ನು ಇಲ್ಲಿ ನಮ್ಮವರು ಹಾಗೆ ಕರೆಯುತ್ತಾರೆ. ಅವಳು ಆ ಮಾತನ್ನು ಯಾರಾದರೂ ತಮಾಷೆಗೆ ಹೇಳಿ ನಗುವಾಗ ಮಾತ್ರ ಕೇಳಿದ್ದಳು.

ಸ್ಕ್ಯಾನ್‌ನಲ್ಲಿ ಮಗು ಚೆನ್ನಾಗಿತ್ತು. ಐದನೇ ತಿಂಗಳು. ಆದರೆ ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಮಗುವಿನ ಮಾತು ಆಡಲಿಲ್ಲ. ತಾಯಿಗೇ ಕಾಗದ ಇಲ್ಲದಿದ್ದರೆ ಹುಟ್ಟುವ ಮಗುವಿಗೆ ಕಾಗದ ಯಾರು ಕೊಡುತ್ತಾರೆ? ಇಬ್ಬರ ತಲೆಯಲ್ಲೂ ಇದೇ ತಿರುಗುತ್ತಿತ್ತು.

ಅವತ್ತಿನಿಂದ ಗೊಂದಲ ಶುರುವಾಯಿತು. ಹರ್ಷಿತ್ ಕೇಳಬೇಕಾದವರನ್ನು ಬಿಟ್ಟು ಉಳಿದ ಎಲ್ಲರನ್ನೂ ಕೇಳಿದ.

ಕೆಲಸದ ವ್ಯಾನಿನಲ್ಲಿ ಜೊತೆಗಾರ ಫೌಸ್ಟಿನ್ ಹೇಳಿದ: "ಸುಮ್ಮನೆ ಕೂತ್ಕೋ ಮಾರಾಯ. ಮಾಫಿ ಬರ್ತದೆ. ದಂಡ ಪೂರ್ತಿ ಬಿಟ್ಟುಬಿಡ್ತಾರೆ. ಹಿಂದೆ ಬಂದಿತ್ತಲ್ಲ?"

"ಯಾವಾಗ ಬರ್ತದೆ?"

"ಅದು ಯಾರಿಗೆ ಗೊತ್ತು! ಬಂದಾಗ ಬರ್ತದೆ."

ಎದುರು ಸೀಟಿನವನು ಹೇಳಿದ: "ರೋಡಿನಲ್ಲಿ ಗಡಿ ದಾಟಿ ದುಬೈ ದೇಶದ ಅಲ್ ಐನ್ ಕಡೆ ಹೋಗಿ ವಾಪಸ್ ಬಂದ್ರೆ ಹೊಸ ಸೀಲ್ ಬೀಳ್ತದೆ, ಖಲಾಸ್."

"ಹೋಗುವಾಗ್ಲೇ ಗಡಿಯಲ್ಲಿ ಹಿಡಿಯುವುದಿಲ್ಲವಾ?"

"ಓ, ಅದೊಂದು ಉಂಟು" ಎಂದು ಅವನು ಕಿಟಕಿಯ ಹೊರಗೆ ನೋಡಿದ.

ಊರಿನಿಂದ ಹರ್ಷಿತನ ತಾಯಿ ಫೋನಿನಲ್ಲಿ ಇನ್ನೊಂದು ಹೇಳಿದರು. "ಈಗ ಕಳಿಸಬೇಡ ಮಗಾ. ಗಂಡನ ಮನೆಯಲ್ಲಿ ಬಯಕೆ ಆಗದೆ ಬಸುರಿ ತವರಿಗೆ ಹೋಗುವ ಕ್ರಮ ಇಲ್ಲ. ನೀನಿರುವುದು ಅಲ್ಲಿ, ಹಾಗಾಗಿ ಅದೇ ಗಂಡನ ಮನೆ. ಏಳನೇ ತಿಂಗಳು ಆಗ್ಲಿ, ಅಲ್ಲೇ ಬಯಕೆ ಮಾಡಿ ಆಮೇಲೆ ಕಳಿಸು."

ಬಯಕೆ ಎಂದರೆ ನಮ್ಮ ಸೀಮಂತ. ಬಸುರಿಗೆ ಹೊಸ ಸೀರೆ ಉಡಿಸಿ, ಹೂವು ಮುಡಿಸಿ, ಬಳೆ ತೊಡಿಸಿ, ಅವಳು ಆಸೆಪಟ್ಟದ್ದನ್ನೆಲ್ಲ ಬಡಿಸಿ ತವರಿಗೆ ಕಳಿಸುವುದು. ಅತ್ತೆಯ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಆ ಪ್ರೀತಿಗೆ ಎರಡು ತಿಂಗಳು ಕಾಯಬೇಕು. ಎರಡು ತಿಂಗಳೆಂದರೆ ಆರುನೂರು ರಿಯಾಲ್. ಅತ್ತೆಗೆ ಅದು ಗೊತ್ತಿರಲಿಲ್ಲ. ಹರ್ಷಿತ್ ಹೇಳಿರಲೂ ಇಲ್ಲ.

ಕೊನೆಗೆ ರುವಿಯಲ್ಲಿ ಒಬ್ಬ ಸಿಕ್ಕಿದ. ಹೆಸರು ಹೇಳಲಿಲ್ಲ, ಆಫೀಸೂ ಇರಲಿಲ್ಲ, ಎರಡು ಫೋನ್ ಇತ್ತು. "ಇನ್ನೂರೈವತ್ತು ರಿಯಾಲ್ ಕೊಡು, ಪಾಸ್‌ಪೋರ್ಟ್ ಕೊಡು. ಹತ್ತು ದಿನದಲ್ಲಿ ಪರ್ಮನೆಂಟ್ ವೀಸಾ" ಎಂದ. ಹರ್ಷಿತನಿಗೆ ಇದೇ ಎಲ್ಲಕ್ಕಿಂತ ಸುಲಭ ಅನಿಸಿತು. ಹಳೆಯ ಕಾರು ಒಂದನ್ನು ತೆಗೆದುಕೊಳ್ಳಲು ಮೂರು ವರ್ಷದಿಂದ ಕೂಡಿಟ್ಟ ಆರುನೂರು ರಿಯಾಲ್ ಇತ್ತು. ಅದರಲ್ಲಿ ಇನ್ನೂರೈವತ್ತು ತೆಗೆದು, ಯಶ್ಮಿತಾಳ ಪಾಸ್‌ಪೋರ್ಟಿನ ಜೊತೆ ಕವರಿನಲ್ಲಿ ಹಾಕಿ ಮೆಟ್ಟಿಲಿಳಿದ.

ಕೆಳಗಿನ ಫ್ಲ್ಯಾಟಿನ ಬಾಗಿಲಲ್ಲಿ ಅಂಗಾರಣ್ಣ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಅಂಗಾರಣ್ಣ ಹೆಚ್ಚು ಓದಿದವರಲ್ಲ. ಇಪ್ಪತ್ತಾರು ವರ್ಷದಿಂದ ಮಸ್ಕತ್‌ನಲ್ಲಿ ಡ್ರೈವರ್. ಅದರಲ್ಲಿ ಹದಿನೆಂಟು ವರ್ಷ ಅವರ ಕೆಲಸ, ಕಂಪನಿಯ ಮಂದೂಬ್‌ನನ್ನು ಕಾರಿನಲ್ಲಿ ಕಚೇರಿಯಿಂದ ಕಚೇರಿಗೆ ಕರೆದುಕೊಂಡು ಹೋಗುವುದು. ಮಂದೂಬ್ ಎಂದರೆ ಕಂಪನಿ ಪರವಾಗಿ ಸರ್ಕಾರಿ ಕಾಗದಪತ್ರ ಮಾಡಿಸುವ ಒಮಾನಿ ನೌಕರ. ಅವನು ಒಳಗೆ ಹೋದರೆ ಅಂಗಾರಣ್ಣ ಪಾರ್ಕಿಂಗಿನಲ್ಲಿ. ಹೊರಗೆ ಬರುವವರ ಮುಖ ನೋಡಿಯೇ ಯಾರ ಕಾಗದದಲ್ಲಿ ಏನು ಕಮ್ಮಿ ಎಂದು ಹೇಳುವಷ್ಟು ಪಳಗಿದ್ದರು.

"ಎಂಥದು ಮಾರಾಯ, ಮುಖ ಬೆಂದ ಬದನೆಕಾಯಿ ಆಗಿದೆ?" ಎಂದರು.

ಹರ್ಷಿತ್ ಅಲ್ಲೇ ನಿಂತು ಎಲ್ಲ ಹೇಳಿದ. ಒಳಗಿನಿಂದ ಅವರ ಹೆಂಡತಿ ಕುಸುಮಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಆ ರುವಿಯವನು ರಸೀದಿ ಕೊಡ್ತಾನಾ?" ಅಂಗಾರಣ್ಣ ಕೇಳಿದರು.

"ಇಲ್ಲ."

"ಮನೆ ಎಲ್ಲಿ?"

"ಗೊತ್ತಿಲ್ಲ."

"ಮನೆ ಗೊತ್ತಿಲ್ಲದವನಿಗೆ ನಿನ್ನ ಸ್ಪ್ಯಾನರ್ ಕೊಡ್ತೀಯಾ?"

"ಸ್ಪ್ಯಾನರಾ? ಇಲ್ಲಪ್ಪ."

"ಹೆಂಡತಿಯ ಪಾಸ್‌ಪೋರ್ಟ್ ಕೊಡ್ತೀಯಾ?"

ಹರ್ಷಿತ್ ಕವರನ್ನು ಕಂಕುಳಿಗೆ ಒತ್ತಿ ಹಿಡಿದುಕೊಂಡ. "ಮತ್ತೆ ನಾನೆಂಥ ಮಾಡುದು ಅಣ್ಣಾ? ಪೊಲೀಸ್ ಕೌಂಟರಿಗೆ ಹೋದ್ರೆ ಅಲ್ಲೇ ಹಿಡಿದು ಕೂರಿಸ್ತಾರಂತೆ. ನನ್ನ ಕೆಲಸವೂ ಹೋಗ್ತದಂತೆ."

"ಅಂತೆ ಅಂತೆ! ನಾಲ್ಕು ಜನ ನಾಲ್ಕು ಅಂತೆ ಹೇಳಿದ್ದಾರೆ. ನಾನು ಐದನೇ ಅಂತೆ ಹೇಳುವುದಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ, ನಿಯಮ ಬದಲಾಗ್ತಾ ಇರ್ತದೆ. ಆದ್ರೆ ಯಾರನ್ನು ಕೇಳಬೇಕು ಅಂತ ಗೊತ್ತುಂಟು. ತಾನಾಗಿ ಬಂದವನ ಜೊತೆ ಅವರು ಮಾತಾಡುವುದು ಬೇರೆ, ಸಿಕ್ಕಿಬಿದ್ದವನ ಜೊತೆ ಮಾತಾಡುವುದೇ ಬೇರೆ. ಇದನ್ನು ಮಾತ್ರ ನಾನು ಹದಿನೆಂಟು ವರ್ಷ ನೋಡಿದ್ದೇನೆ. ನಾಳೆ ಬೆಳಿಗ್ಗೆ ಏಳಕ್ಕೆ ಹೊರಡುವ. ಇದ್ದಬದ್ದ ಕಾಗದ ಎಲ್ಲ ತಾ."

"ಖಾಯಂ ವೀಸಾ ಕೇಳುವುದಾ?" ಎಂದು ಯಶ್ಮಿತಾ ಮೆಟ್ಟಿಲ ಮೇಲಿನಿಂದ ಕೇಳಿದಳು. ಅವಳು ಯಾವಾಗಲೋ ಬಂದು ನಿಂತಿದ್ದಳು.

"ನಮ್ಮಂಥವರಿಗೆ ಖಾಯಂ ಅಂತ ಯಾವುದೂ ಇಲ್ಲ ಮಗಾ. ನನ್ನ ಕಾರ್ಡಿಗೂ ತಾರೀಕು ಉಂಟು. ಮುಗಿಯುವ ಮೊದಲು ಹೊಸದು ಮಾಡಿಸಿಕೊಂಡೇ ಇಪ್ಪತ್ತಾರು ವರ್ಷ ಕಳೆದೆ. ನಿನಗೆ ಬೇಕಾದದ್ದು ಗಂಡನ ಹೆಸರಿನಲ್ಲಿ ಸಿಗುವ ಫ್ಯಾಮಿಲಿ ವೀಸಾ, ನಿನ್ನದೇ ರೆಸಿಡೆಂಟ್ ಕಾರ್ಡ್."

ಮರುದಿನ ಏಳಕ್ಕೆ ಹರ್ಷಿತ್ ಕೆಳಗೆ ಬಂದಾಗ ಅವನ ಎರಡೂ ಕೈಯಲ್ಲಿ ಮದುವೆಯ ಆಲ್ಬಮ್ ಇತ್ತು. ಐದು ಕಿಲೋ ತೂಗುವ, ರಟ್ಟಿನ ಪೆಟ್ಟಿಗೆಯಲ್ಲಿ ಬರುವ ದೊಡ್ಡ ಆಲ್ಬಮ್.

"ಇದೆಂಥಕ್ಕೆ?" ಎಂದರು ಅಂಗಾರಣ್ಣ.

"ಮದುವೆ ಆದದ್ದಕ್ಕೆ ಸಾಕ್ಷಿ ಬೇಕಲ್ಲ? ಎಂಟುನೂರು ಜನ ಊಟ ಮಾಡಿದ್ದಾರೆ. ಎಲ್ಲರೂ ಇದರಲ್ಲಿ ಇದ್ದಾರೆ."

"ಮ್ಯಾರೇಜ್ ಸರ್ಟಿಫಿಕೇಟ್?"

"ಅದು ಮಾಡ್ಸಿಲ್ಲ. ನಮ್ಮಲ್ಲಿ ಯಾರು ಮಾಡಿಸ್ತಾರೆ? ಹಾಲ್‌ನ ರಸೀದಿ ಉಂಟು."

ಅಂಗಾರಣ್ಣ ಕಾರಿನ ಬಾಗಿಲು ತೆಗೆದರು. "ಹಿಂದಿನ ಸೀಟಿನಲ್ಲಿಡು. ಬೆಲ್ಟ್ ಹಾಕು ಅದಕ್ಕೂ" ಎಂದರು.

ಪೊಲೀಸ್ ಸೇವಾ ಕಚೇರಿಯಲ್ಲಿ ಟೋಕನ್ ತೆಗೆದುಕೊಂಡು ಕುಳಿತರು. ಕೌಂಟರಿನಲ್ಲಿ ಒಬ್ಬ ಒಮಾನಿ ಹೆಂಗಸು. ಹಿಂದಿ ಚೆನ್ನಾಗಿ ಬರುತ್ತಿತ್ತು. ಪಾಸ್‌ಪೋರ್ಟಿನ ನಂಬರ್ ಕಂಪ್ಯೂಟರಿನಲ್ಲಿ ಹಾಕಿ, ಬೆರಳಲ್ಲಿ ಲೆಕ್ಕ ಮಾಡಿ, "ಇವತ್ತಿಗೆ ನಲವತ್ತೈದು ದಿನ, ನಾನೂರೈವತ್ತು ರಿಯಾಲ್" ಎಂದಳು. ಬೈಯಲಿಲ್ಲ. ಯಾರನ್ನೂ ಹಿಡಿಯಲಿಲ್ಲ.

"ಮೇಡಂ, ಇವಳು ನನ್ನ ಹೆಂಡತಿ. ಇವಳನ್ನು ಇಲ್ಲೇ ಇರಿಸಿಕೊಳ್ಳಲು ಆಗುವುದಿಲ್ಲವಾ?" ಎಂದು ಹರ್ಷಿತ್ ಆಲ್ಬಮ್ಮನ್ನು ಕೌಂಟರಿನ ಮೇಲೆ ಏರಿಸಿದ.

ಆಕೆ ಎರಡು ಪುಟ ತಿರುಗಿಸಿದಳು. ತಲೆ ತುಂಬ ಮಲ್ಲಿಗೆಯ ಜಲ್ಲಿ ಮುಡಿದ ಯಶ್ಮಿತಾಳ ಚಿತ್ರ ನೋಡಿ "ಮಾಶಾಲ್ಲಾ" ಎಂದಳು. ಯಶ್ಮಿತಾಳ ಹೊಟ್ಟೆ ನೋಡಿ "ಮಬ್ರೂಕ್" ಎಂದು ಶುಭ ಹಾರೈಸಿದಳು. ಆಮೇಲೆ ಆಲ್ಬಮ್ ಮುಚ್ಚಿ ನಿಧಾನವಾಗಿ ಅವನ ಕಡೆಗೆ ತಳ್ಳಿದಳು.

"ಫೋಟೋ ಚಂದ ಇದೆ ಭಾಯಿ. ನನಗೆ ಕಾಗದ ಬೇಕು. ನಿಮ್ಮ ದೇಶದ ಸರ್ಕಾರ ಕೊಟ್ಟ ಮದುವೆಯ ಸರ್ಟಿಫಿಕೇಟ್. ಅದರ ಮೇಲೆ ನಿಮ್ಮ ವಿದೇಶಾಂಗ ಇಲಾಖೆಯ ಮೊಹರು. ವಿಸಿಟ್ ವೀಸಾವನ್ನು ಇಲ್ಲಿ ಕೂತು ಫ್ಯಾಮಿಲಿ ವೀಸಾ ಮಾಡಲು ಈಗ ಬರುವುದಿಲ್ಲ. ದಂಡ ಕಟ್ಟಿ ಊರಿಗೆ ಹೋಗಬೇಕು. ಆಮೇಲೆ ನೀನು ಇಲ್ಲಿ ಅರ್ಜಿ ಹಾಕು, ಅವಳು ಹೊಸ ವೀಸಾದಲ್ಲಿ ಬರಲಿ. ಅವಳ ಹೆಸರಿನ ಮೇಲೆ ಬೇರೆ ಯಾವ ಕೇಸೂ ಇಲ್ಲ."

"ಆದ್ರೆ ನನ್ನ ಸಂಬಳ ಇನ್ನೂರ ಎಂಬತ್ತೇ. ಮುನ್ನೂರೈವತ್ತು ಬೇಕಲ್ಲ ಮೇಡಂ?"

ಆಕೆ ಆಶ್ಚರ್ಯದಿಂದ ನೋಡಿದಳು. "ಅದು ಹಳೆಯ ಮಾತು. ಈಗ ನೂರೈವತ್ತು ಇದ್ದರೆ ಸಾಕು. ಬದಲಾಗಿ ಎಷ್ಟೋ ಸಮಯವಾಯಿತು."

ಹರ್ಷಿತ್ ಆಲ್ಬಮ್ಮನ್ನು ಕೌಂಟರಿನಿಂದ ಕೆಳಗಿಳಿಸಿದ. ಎರಡು ವರ್ಷ. ಸರ್ಟಿಫಿಕೇಟ್ ಒಂದು ಇದ್ದಿದ್ದರೆ ಹೆಂಡತಿಯನ್ನು ಸರಿಯಾದ ದಾರಿಯಲ್ಲೇ ಕರೆದುಕೊಂಡು ಬರಬಹುದಿತ್ತು. ಒಬ್ಬರೂ ಈ ಕೌಂಟರಿಗೆ ಬಂದು ಒಂದು ಪ್ರಶ್ನೆ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಕಾರಿನಲ್ಲಿ ಅವನು ಮತ್ತೆ ಹಳೆಯ ಹಾಡು ತೆಗೆದ. "ಫೌಸ್ಟಿನ್ ಹೇಳಿದ ಹಾಗೆ ಮಾಫಿ ಬಂದ್ರೆ? ಒಂದು ತಿಂಗಳು ಕಾದು ನೋಡುವನಾ? ಇಷ್ಟು ದುಡ್ಡು ಸುಮ್ಮನೆ ಕಟ್ಟುದಾ?"

"ಬರಬಹುದು" ಎಂದರು ಅಂಗಾರಣ್ಣ. "ಬರದೆಯೂ ಇರಬಹುದು. ಮಾಫಿ ಯಾವ ತಿಂಗಳು ಬರ್ತದೆ ಅಂತ ನಿನಗೆ ಗೊತ್ತಿಲ್ಲ. ನಿನ್ನ ಮಗು ಯಾವ ತಿಂಗಳು ಬರ್ತದೆ ಅಂತ ಗೊತ್ತುಂಟಲ್ಲ? ತಿಂಗಳು ತುಂಬಿದ ಮೇಲೆ ವಿಮಾನದವರೇ ಹತ್ತಿಸುವುದಿಲ್ಲ. ಆಗ ಹೆರಿಗೆ ಇಲ್ಲೇ. ತಾಯಿಗೆ ಕಾಗದ ಇಲ್ಲ, ನಿನ್ನ ಕೈಯಲ್ಲಿ ಮದುವೆಯ ಸರ್ಟಿಫಿಕೇಟ್ ಇಲ್ಲ. ಆ ಮಗುವನ್ನು ಎತ್ತಿಕೊಂಡು ಯಾವ ಕೌಂಟರಿಗೆ ಹೋಗ್ತೀಯಾ?"

ಹಿಂದಿನ ಸೀಟಿನಿಂದ ಯಶ್ಮಿತಾ ಮೊದಲ ಸಲ ಗಟ್ಟಿಯಾಗಿ ಮಾತಾಡಿದಳು. "ಕಾರು ಆಮೇಲೆ ತೆಗೊಳ್ಳುವ. ನಾನು ಹೋಗ್ತೇನೆ. ಬಾಗಿಲು ಬಡಿದ ಸದ್ದಾದ್ರೆ ಎದೆ ಹಾರ್ತದೆ ನನಗೆ. ಹಾಗೆ ಹೆದರಿಕೊಂಡು ನಿಮ್ಮೊಟ್ಟಿಗೆ ಇರುವುದಕ್ಕಿಂತ ಆರು ತಿಂಗಳು ದೂರ ಇದ್ದು ಸರಿಯಾಗಿ ಬರ್ತೇನೆ."

"ಅಮ್ಮ ಬಯಕೆ ಆಗದೆ ಕಳಿಸಬೇಡ ಅಂದಿದ್ದಾರಲ್ಲ?" ಎಂದ ಹರ್ಷಿತ್.

"ಅದು ನನಗೆ ಬಿಡಿ" ಎಂದರು ಕುಸುಮಕ್ಕ, ಇವರೆಲ್ಲ ಮನೆಗೆ ಬಂದು ವಿಷಯ ಹೇಳಿದ ಮೇಲೆ. ಹರ್ಷಿತನ ಫೋನ್ ತೆಗೆದುಕೊಂಡು ಅವನ ತಾಯಿಯ ಹತ್ತಿರ ಅವರೇ ಮಾತಾಡಿದರು. "ಅಕ್ಕಾ, ನಾನು ಕುಸುಮ, ಇವರ ಕೆಳಗಿನ ಮನೆಯವಳು. ಕ್ರಮ ಬಿಡುವುದು ಬೇಡ. ಐದನೇ ತಿಂಗಳಿಗೂ ಬಯಕೆ ಮಾಡ್ತಾರಲ್ಲ? ನನಗೆ ಐದಕ್ಕೇ ಮಾಡಿದ್ದು. ಏಳಕ್ಕೆ ಅಂತ ಕಾದ್ರೆ ದಿನಕ್ಕೆ ಹತ್ತು ರಿಯಾಲ್ ದಂಡ. ನಮ್ಮ ದುಡ್ಡಿನಲ್ಲಿ ದಿನಕ್ಕೆ ಎರಡು ಸಾವಿರಕ್ಕೂ ಮೇಲೆ."

ಆ ಕಡೆಯಿಂದ ಅತ್ತೆಯ ದನಿ ಏರಿತು. "ದಿನಕ್ಕಾ? ತಿಂಗಳಿಗೆ ಅಲ್ವಾ?"

"ದಿನಕ್ಕೆ ಅಕ್ಕಾ."

"ಅಯ್ಯೋ! ಈ ಹುಡುಗ ನನಗೆ ಹೇಳಲೇ ಇಲ್ಲ! ಹೇಳಿದ್ರೆ ನಾನು ಹಾಗೆ ಹೇಳ್ತಿದ್ದೆನಾ? ಐದಕ್ಕೇ ಆಗ್ಲಿ. ನಾಳೆಯೇ ಮಾಡಿ. ಹಸಿರು ಸೀರೆ ಉಡಿಸಿ ಆಯ್ತಾ?"

ಮಾರ್ಚ್ ಒಂದರ ಸಂಜೆ ಹಮ್ರಿಯಾದ ಆ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಬಯಕೆ ನಡೆಯಿತು. ಹಸಿರು ಸೀರೆ ಕುಸುಮಕ್ಕನ ಪೆಟ್ಟಿಗೆಯದು. ಬಳೆ ಮತ್ರಾ ಸೂಕ್ ಎಂಬ ಹಳೆಯ ಪೇಟೆಯಿಂದ ಬಂತು. ಪಕ್ಕದ ಮನೆಯ ಆಮಿನಮ್ಮ ಅಕ್ಕಿಯ ಕರಿದ ರೊಟ್ಟಿ ನೈಪತ್ತಿರಿ ಮಾಡಿ ತಂದರು. ಮೆರಿಲ್ ಕ್ಲಿನಿಕ್‌ನಿಂದ ಸೀದಾ ಬಂದಳು, ಬರುವಾಗ ಯಶ್ಮಿತಾ ವಿಮಾನ ಹತ್ತಬಹುದು ಎಂದು ಡಾಕ್ಟರ್ ಬರೆದುಕೊಟ್ಟ ಚೀಟಿ ತಂದಳು. ಊರಿನಿಂದ ಅತ್ತೆ ವೀಡಿಯೋ ಕಾಲ್‌ನಲ್ಲಿ, ಹೂವು ಎಡಕ್ಕೆ ಜಾಸ್ತಿ ಆಯಿತು, ಬಲಕ್ಕೆ ಕಮ್ಮಿ ಆಯಿತು ಎಂದು ಹೇಳುತ್ತಲೇ ಇದ್ದರು.

"ಏನು ತಿನ್ನುವ ಆಸೆ ಮಗಾ?" ಎಂದು ಕುಸುಮಕ್ಕ ಕೇಳಿದಾಗ ಯಶ್ಮಿತಾ ಅತ್ತಳು. "ಏನೂ ಬೇಡ. ವಾಪಸ್ ಬರಬೇಕು" ಎಂದಳು.

ಮರುದಿನ ದಂಡ ಕಟ್ಟಿದರು. ನಲವತ್ತೊಂಬತ್ತು ದಿನ, ನಾನೂರ ತೊಂಬತ್ತು ರಿಯಾಲ್. ರಸೀದಿ ಸಿಕ್ಕಿತು. ಹರ್ಷಿತ್ ಸಂಬಳವಿಲ್ಲದ ರಜೆ ಹತ್ತು ದಿನ ತೆಗೆದುಕೊಂಡು ಜೊತೆಗೇ ಹೋದ, ಏಕೆಂದರೆ ಮದುವೆ ನೋಂದಣಿಗೆ ಇಬ್ಬರೂ ಸಹಿ ಹಾಕಬೇಕು. ಊರಿನ ಉಪನೋಂದಣಿ ಕಚೇರಿಯಲ್ಲಿ ಹಾಲ್‌ನ ರಸೀದಿ, ಮದುವೆಯ ಆಮಂತ್ರಣ ಪತ್ರಿಕೆ, ಸಾಕ್ಷಿಗಳ ಗುರುತಿನ ಚೀಟಿ ಕೊಟ್ಟರು. ಐದು ಕಿಲೋ ಆಲ್ಬಮ್ಮಿನಿಂದ ಅವರಿಗೆ ಬೇಕಾದದ್ದು ಒಂದೇ ಫೋಟೋ. ಸರ್ಟಿಫಿಕೇಟ್ ಬಂತು. ಅದಕ್ಕೆ ರಾಜ್ಯದ್ದು, ದಿಲ್ಲಿಯದ್ದು ಎಂದು ಮೊಹರುಗಳಾಗಿ ಬರಲು ಆರು ವಾರ ಹಿಡಿಯಿತು. ಆಮೇಲೆ ಹರ್ಷಿತ್ ಮಸ್ಕತ್‌ನಲ್ಲಿ ಮನೆಯ ಬಾಡಿಗೆ ಕರಾರು, ಸಂಬಳದ ಪತ್ರ ಜೋಡಿಸಿ ಅರ್ಜಿ ಹಾಕಿದ. ಅದೇ ಕೌಂಟರ್. ಈ ಸಲ ಕೈಯಲ್ಲಿ ತೆಳ್ಳಗಿನ ಒಂದು ಫೈಲ್ ಮಾತ್ರ.

ಜುಲೈನಲ್ಲಿ ಮಗು ಹುಟ್ಟಿತು. ಹೆಣ್ಣು. ಹರ್ಷಿತ್ ಫೋನಿನಲ್ಲಿ ನೋಡಿದ. ಮಗುವಿನ ಪಾಸ್‌ಪೋರ್ಟ್, ಮಗುವಿನ ವೀಸಾ ಎಲ್ಲ ಆಗಿ ಅಕ್ಟೋಬರಿನಲ್ಲಿ ತಾಯಿ ಮಗಳು ಬಂದಿಳಿದರು. ವೀಸಾ ಕೈಗೆ ಬಂದ ಕೂಡಲೇ ಯಶ್ಮಿತಾ ಮಾಡಿದ ಮೊದಲ ಕೆಲಸ, ಅದರಲ್ಲಿರುವ ಒಂದೊಂದು ತಾರೀಕು ಯಾವುದಕ್ಕೆ ಎಂದು ಕೇಳಿ ತಿಳಿದು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು.

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ಮನೆಗೆ ಹೋದ ಕೂಡಲೇ ನಿಮ್ಮ ಮನೆಯವರ ವೀಸಾ ತೆಗೆದು ನೋಡಿ. ಬರಲು ಕೊಟ್ಟ ತಾರೀಕು ಯಾವುದು, ಇರಲು ಕೊಟ್ಟ ದಿನ ಎಷ್ಟು, ಎರಡನ್ನೂ ಬೇರೆ ಬೇರೆ ಬರೆದಿಡಿ. ಮದುವೆಯಾಗಿ ಎಷ್ಟೇ ವರ್ಷವಾಗಿರಲಿ, ನೋಂದಣಿ ಆಗಿಲ್ಲದಿದ್ದರೆ ಮುಂದಿನ ರಜೆಯಲ್ಲಿ ಮಾಡಿಸಿ. ಅವಧಿ ಮೀರಿ ಹೋಗಿದ್ದರೆ ಅಡಗಿ ಕೂರಬೇಡಿ, ದಿನ ಕಳೆದ ಹಾಗೆ ದಂಡ ಬೆಳೆಯುತ್ತದೆ. ಪಾಸ್‌ಪೋರ್ಟನ್ನು ರಸೀದಿ ಕೊಡದವರ ಕೈಗೆ ಕೊಡಬೇಡಿ. ಊರಿನ ಹಿರಿಯರಿಗೆ ಇಲ್ಲಿಯ ಲೆಕ್ಕವನ್ನು ಬಿಡಿಸಿ ಹೇಳಿ, ಅವರಿಗೆ ಅರ್ಥವಾಗುತ್ತದೆ. ನಿಯಮ ಇವತ್ತು ಇದ್ದಂತೆ ನಾಳೆ ಇರುವುದಿಲ್ಲ. ಈ ಕಥೆಯಲ್ಲಿ ಬಂದ ಮೊತ್ತವನ್ನೂ ನಂಬಿಕೊಂಡು ಕೂರಬೇಡಿ, ನೀವೇ ಕೌಂಟರಿಗೆ ಹೋಗಿ ಕೇಳಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಗೊತ್ತಿದ್ದವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಹರ್ಷಿತ್ ಮತ್ತು ಯಶ್ಮಿತಾ ಕಳೆದುಕೊಂಡದ್ದು ಇಷ್ಟು: ನಾನೂರ ತೊಂಬತ್ತು ರಿಯಾಲ್, ಹತ್ತು ದಿನದ ಸಂಬಳ, ಕೊಳ್ಳಬೇಕೆಂದಿದ್ದ ಕಾರು, ಸುಮ್ಮನೆ ದೂರ ಇದ್ದ ಎರಡು ವರ್ಷ, ಮಗಳ ಮೊದಲ ಮೂರು ತಿಂಗಳು. ಪಡೆದದ್ದು ಎರಡು ಕಾರ್ಡ್. ಒಂದು ತಾಯಿಯದು, ಒಂದು ಮಗಳದು. ಈಗ ಆ ಮನೆಯ ಬಾಗಿಲು ಯಾರು ಬಡಿದರೂ ಯಶ್ಮಿತಾ ಎದ್ದು ಹೋಗಿ ತೆಗೆಯುತ್ತಾಳೆ.